ಟಿವಿಲಿ ನಾಯಕರು ಎದುರುಬದುರು ನಿಂತು ವಾದ ಮಾಡೋದ್ರಿಂದ ನಿಜವಾಗ್ಲೂ ಏನಾದ್ರೂ ಉಪಯೋಗ ಇದ್ಯಾ?

ಶಾಯಿಪೆನ್

ಬಹಳ ದಿನದಿಂದ ತಲೆ ಕೊರೀತಿರೋ ವಿಷಯ, ಇಲ್ಲಿ ಕೇಳೇಬಿಡೋಣ ಅಂತ ಹಾಕ್ತಿದೀನಿ.

2024ರಲ್ಲಿ ಅಮೆರಿಕದ ಅಧ್ಯಕ್ಷ ಚುನಾವಣೆಗೆ ಮುಂಚೆ ಎರಡು ಡಿಬೇಟ್ ಆಯ್ತು. ಜೂನ್ 27ಕ್ಕೆ ಅಟ್ಲಾಂಟಾದಲ್ಲಿ ಬೈಡನ್ ಮತ್ತೆ ಟ್ರಂಪ್. ಅದಾಗಿ ತಿಂಗಳು ತುಂಬೋದ್ರೊಳಗೆ, ಜುಲೈ 21ಕ್ಕೆ, ಬೈಡನ್ ಕಣದಿಂದಾನೇ ಹಿಂದೆ ಸರಿದ್ರು. ಅಧಿಕಾರದಲ್ಲಿರೋ ಅಧ್ಯಕ್ಷ, ಒಂದೂವರೆ ಗಂಟೆ ಟಿವಿ ಕಾರ್ಯಕ್ರಮ, ಅಷ್ಟಕ್ಕೇ ಎಲ್ಲ ತಲೆಕೆಳಗಾಯ್ತು. ಆಮೇಲೆ ಸೆಪ್ಟೆಂಬರ್ 10ಕ್ಕೆ ಫಿಲಡೆಲ್ಫಿಯಾದಲ್ಲಿ ಟ್ರಂಪ್ ಮತ್ತೆ ಕಮಲಾ ಹ್ಯಾರಿಸ್. ಇದನ್ನ ನೋಡಿದವರು ಸುಮಾರು 6 ಕೋಟಿ 70 ಲಕ್ಷ ಜನ, ಮೊದಲನೇದಕ್ಕಿಂತ ಎಷ್ಟೋ ಜಾಸ್ತಿ. ನೋಡಿದವರನ್ನ ಕೇಳಿದ ಸಮೀಕ್ಷೆಗಳಲ್ಲಿ ಹ್ಯಾರಿಸ್ ಚೆನ್ನಾಗಿ ಮಾಡಿದ್ರು ಅಂದವರೇ ಹೆಚ್ಚು, ಆದ್ರೆ ನವೆಂಬರಲ್ಲಿ ಗೆದ್ದಿದ್ದು ಟ್ರಂಪ್.

ಅಂದ್ರೆ ಒಂದು ಡಿಬೇಟು ಇಡೀ ಚುನಾವಣೇನೇ ಬದಲಾಯಿಸ್ತು, ಇನ್ನೊಂದು ಹುಲ್ಲುಕಡ್ಡೀನೂ ಅಲುಗಾಡಿಸ್ಲಿಲ್ಲ. ಎರಡನ್ನೂ ನಾನು ನಿದ್ದೆಗೆಟ್ಟು ಪೂರ್ತಿ ನೋಡಿದವನು, ನೋಡ್ತಾ ನೋಡ್ತಾ ಇವರು ಆಳ್ವಿಕೆ ಹೆಂಗೆ ಮಾಡ್ತಾರೆ ಅಂತ ನಂಗೇನು ಗೊತ್ತಾಯ್ತು ಅಂತ ಕೇಳ್ಕೊಂಡ್ರೆ ಉತ್ತರ ಸಿಕ್ತಿಲ್ಲ. ಎರಡು ನಿಮಿಷದಲ್ಲಿ ಆರೋಗ್ಯ ನೀತಿ, ಒಂದು ನಿಮಿಷದಲ್ಲಿ ಯುದ್ಧ. ಇದು ನಾಯಕತ್ವದ ಪರೀಕ್ಷೆನಾ ಅಥವಾ ಬಾಯಿಪಾಠದ ಪರೀಕ್ಷೆನಾ? ಯಾವ ಪಕ್ಷ ಒಳ್ಳೇದು ಅನ್ನೋ ಜಗಳ ಬೇಡ ದಯವಿಟ್ಟು, ಈ ಪದ್ಧತಿ ಬಗ್ಗೆ ಮಾತ್ರ ಹೇಳಿ.

ನಿಧಾನಸ್ಥ

ಉಪಯೋಗ ಇಲ್ಲ ಅನ್ನೋದೇ ನನ್ನ ಉತ್ತರ, ಶುರುವಿನಿಂದಾನೂ ಇರ್ಲಿಲ್ಲ.

ಅಮೆರಿಕದ ಅಧ್ಯಕ್ಷ ಅಭ್ಯರ್ಥಿಗಳ ಮೊದಲನೇ ಟಿವಿ ಡಿಬೇಟನ್ನೇ ತಗೊಳ್ಳಿ. 1960 ಸೆಪ್ಟೆಂಬರ್ 26, ಶಿಕಾಗೋದ ಸ್ಟುಡಿಯೋ, ಕೆನಡಿ ಮತ್ತೆ ನಿಕ್ಸನ್. ನಿಕ್ಸನ್‌ಗೆ ಮೊಣಕಾಲು ಸೋಂಕಾಗಿ ಸುಮಾರು ಎರಡು ವಾರ ಆಸ್ಪತ್ರೆಲಿ ಮಲಗಿದ್ದು ಎದ್ದು ಬಂದಿದ್ರು, ಮೈ ಇಳಿದು ಅಂಗಿ ಕಾಲರ್ ಸಡಿಲ ಆಗಿತ್ತು, ಸ್ಟುಡಿಯೋ ಹತ್ರ ಕಾರಿಂದ ಇಳಿಯೋವಾಗ ಅದೇ ಮೊಣಕಾಲನ್ನ ಬಾಗಿಲಿಗೆ ಹೊಡೆಸ್ಕೊಂಡ್ರು. ಮೇಕಪ್ ಬೇಡ ಅಂದು ಗಡ್ಡದ ನೆರಳು ಮುಚ್ಚೋಕೆ ಒಂದಿಷ್ಟು ಪೌಡರ್ ಹಾಕಿಸ್ಕೊಂಡ್ರು, ದೀಪದ ಬಿಸಿಗೆ ಅದರ ಮೇಲೆ ಬೆವರು ಕಾಣಿಸ್ತು. ಬೂದು ಸೂಟು ಹಿಂದಿನ ಬೂದು ಗೋಡೆಗೆ ಸೇರಿಹೋಯ್ತು. ಕೆನಡಿ ಗಾಢ ಬಣ್ಣದ ಸೂಟು, ಬಿಸಿಲು ಕಾಯಿಸ್ಕೊಂಡು ಮಿರುಗೋ ಮುಖ. ಇವತ್ತಿಗೂ ಆ ಡಿಬೇಟ್ ಬಗ್ಗೆ ಜನ ಹೇಳೋದು ಇಷ್ಟೇ. ಯಾವ ವಿಷಯದ ಮೇಲೆ ಮಾತಾಡಿದ್ರು ಅಂತ ಕೇಳಿ, ಒಬ್ಬರಿಗೂ ಗೊತ್ತಿರಲ್ಲ. ರೇಡಿಯೋದಲ್ಲಿ ಕೇಳಿದವರಿಗೆ ನಿಕ್ಸನ್ ಗೆದ್ದ ಹಾಗೆ ಅನ್ಸಿತ್ತಂತೆ, ಟಿವಿ ನೋಡಿದವರಿಗೆ ಕೆನಡಿ. ಇದಕ್ಕಿಂತ ಸಾಕ್ಷಿ ಬೇಕಾ? ಬೆವರು ನೋಡಿ ದೇಶದ ಅಧ್ಯಕ್ಷನ್ನ ಆರಿಸೋದು ನಂಗೆ ಒಪ್ಪೋಕಾಗಲ್ಲ.

ಕೇಳುಗ

ನಿಧಾನಸ್ಥ ಅವರೇ, ಆ ರೇಡಿಯೋ ಕಥೆ ಸ್ವಲ್ಪ ಹುಷಾರಾಗಿ ಹೇಳ್ಬೇಕು. ಅದಕ್ಕೆ ಆಧಾರ ಅಂತ ಮುಖ್ಯವಾಗಿ ತೋರ್ಸೋದು ಒಂದೇ ಒಂದು ಸಂಸ್ಥೆ ಮಾಡಿದ ಸಮೀಕ್ಷೆ, ಅದರಲ್ಲಿ ರೇಡಿಯೋ ಕೇಳಿದವರು ಮುನ್ನೂರಕ್ಕಿಂತ ಕಡಿಮೆ. ಆ ಕಾಲಕ್ಕೆ ಟಿವಿ ಇಲ್ಲದೆ ರೇಡಿಯೋ ಮಾತ್ರ ಇದ್ದ ಮನೆಗಳು ಹಳ್ಳಿ ಕಡೆ ಜಾಸ್ತಿ, ಅಂಥವರಲ್ಲಿ ಡಿಬೇಟ್‌ಗೆ ಮುಂಚೇನೇ ನಿಕ್ಸನ್ ಕಡೆ ಒಲವಿದ್ದವರು ಹೆಚ್ಚು ಇದ್ದಿರ್ಬಹುದು ಅಂತ ಸಂಶೋಧಕರು ಎಷ್ಟೋ ಸಲ ಎತ್ತಿ ತೋರ್ಸಿದಾರೆ. ಎಲ್ಲರೂ ಹೇಳ್ತಾರೆ ಅಂತ ಅದು ಸಾಕ್ಷಿ ಆಗಲ್ಲ.

ನಾನು ಇದನ್ನ ಒಂದು ಸಲ ಪರೀಕ್ಷೆ ಮಾಡಿ ನೋಡ್ದೆ. ಆ ಡಿಬೇಟ್ ರೆಕಾರ್ಡಿಂಗ್ ಪೂರ್ತಿ ಸಿಗತ್ತೆ. ಮೊದಲನೇ ದಿನ ಪರದೆ ಕಡೆ ಬೆನ್ನು ಮಾಡಿ ಕೂತು ಬರೀ ಧ್ವನಿ ಕೇಳ್ದೆ, ಮಾರನೇ ದಿನ ಧ್ವನಿ ಪೂರ್ತಿ ತೆಗೆದು ಬರೀ ಚಿತ್ರ ನೋಡ್ದೆ. ಧ್ವನಿ ಕೇಳಿದಾಗ ನಂಗೆ ನಿಕ್ಸನ್ ಗೆದ್ರು ಅಂತ ಅನ್ನಿಸ್ಲೇ ಇಲ್ಲ. ಅನ್ನಿಸಿದ್ದು ಬೇರೆ: ಕೆನಡಿ ಎಂಟು ನಿಮಿಷದ ಮೊದಲ ಮಾತು ಮುಗ್ಸಿದ್ ಮೇಲೆ ನಿಕ್ಸನ್ ಶುರು ಮಾಡೋದೇ ಅವರು ಹೇಳಿದ ಎಷ್ಟೋ ವಿಷಯ ನಾವೆಲ್ಲ ಒಪ್ಪೋವಂಥದ್ದು ಅಂತ. ಗುರಿ ಒಂದೇ, ದಾರಿ ಬೇರೆ ಅನ್ನೋ ಧಾಟಿ. ಒಬ್ಬ ಮುಂದೆ ಹೋಗ್ಬೇಕು ಅಂತಿದಾನೆ, ಇನ್ನೊಬ್ಬ ನಾವೂ ಮುಂದೆ ಹೋಗ್ತಾನೇ ಇದೀವಿ ಅಂತಿದಾನೆ. ಚಿತ್ರ ನೋಡಿದಾಗ ನಂಗೆ ಬೆವರಿಗಿಂತ ಜಾಸ್ತಿ ಕಂಡಿದ್ದು ಇವರು ಇನ್ನೊಬ್ಬರ ಮಾತು ಹೆಂಗೆ ಕೇಳಿಸ್ಕೊಳ್ತಾರೆ ಅನ್ನೋದು. ಕೆನಡಿ ಪೆನ್ ಹಿಡ್ಕೊಂಡು ಬರ್ಕೋತಿದ್ರು, ತಲೆ ಎತ್ತಿ ನೇರ ನೋಡ್ತಿದ್ರು. ನಿಕ್ಸನ್ ಕಣ್ಣು ಅತ್ತಿತ್ತ ಓಡ್ತಿತ್ತು.

ಎದುರಿನವನ ಮಾತು ಕೇಳಿಸ್ಕೊಳ್ಳೋ ರೀತಿ ಗೊತ್ತಾಗೋದು ಉಪಯೋಗ ಅಲ್ವಾ? ಪ್ರಚಾರ ಭಾಷಣದಲ್ಲಿ ಅದು ಕಾಣೋಕೆ ಸಾಧ್ಯಾನೇ ಇಲ್ಲ, ಯಾಕಂದ್ರೆ ಅಲ್ಲಿ ನಾಯಕ ಕೇಳಿಸ್ಕೊಳ್ಳೋ ಪ್ರಸಂಗಾನೇ ಬರಲ್ಲ.

ನಿಧಾನಸ್ಥ

ಸಮೀಕ್ಷೆ ವಿಷಯ ಸರಿ, ಅದನ್ನ ಹಿಂದೆ ತಗೋತೀನಿ. ಆದ್ರೆ ಕೇಳಿಸ್ಕೊಳ್ಳೋ ಮುಖಾನೂ ತರಬೇತಿಲಿ ಬರತ್ತೆ, ಈಗ ಎಲ್ಲರಿಗೂ ಕಲಿಸ್ತಾರೆ. ಎದುರಾಳಿ ಪಾತ್ರಕ್ಕೆ ಒಬ್ಬನ್ನ ಇಟ್ಕೊಂಡು ಅದೇ ಅಳತೆಯ ವೇದಿಕೆ ಕಟ್ಟಿ ದಿನಗಟ್ಟಲೆ ಅಭ್ಯಾಸ ಮಾಡ್ತಾರೆ.

ಗಂಟೆ ಬಾರಿಸೋನು

ನಾನು ದೊಡ್ಡ ಡಿಬೇಟ್‌ಗಳ ಬಗ್ಗೆ ಓದಿಕೊಂಡವನಲ್ಲ, ಆದ್ರೆ ಒಂದು ಸಣ್ಣದನ್ನ ತೀರಾ ಹತ್ರದಿಂದ ನೋಡಿದೀನಿ, ಅದಕ್ಕೆ ಬರೀತಿದೀನಿ.

ಓದ್ತಿದ್ದಾಗ ವಿದ್ಯಾರ್ಥಿ ಸಂಘದ ಚುನಾವಣೆಗೆ ಇಬ್ಬರು ಅಭ್ಯರ್ಥಿಗಳ ಮುಖಾಮುಖಿ ಇಟ್ಟಿದ್ರು, ನಾನು ಟೈಮ್‌ಕೀಪರ್. ಮುಂದಿನ ಸಾಲಲ್ಲಿ ಕೂತು ಸ್ಟಾಪ್‌ವಾಚ್ ಹಿಡಿದು ಎರಡು ನಿಮಿಷಕ್ಕೆ ಗಂಟೆ ಬಾರಿಸೋ ಕೆಲಸ. ಒಬ್ಬ ಅಭ್ಯರ್ಥಿ ತುಂಬ ಚೆನ್ನಾಗಿ ಮಾತಾಡೋನು, ಪ್ರತಿ ಸಲ ಒಂದು ನಿಮಿಷ ಐವತ್ತು ಸೆಕೆಂಡಿಗೆ ಸರಿಯಾಗಿ ನಿಲ್ಲಿಸ್ತಿದ್ದ. ಇನ್ನೊಬ್ಬಳ ಕೈಲಿದ್ದ ಕಾಗದ ನಡುಗ್ತಿತ್ತು, ನನ್ನ ಜಾಗಕ್ಕೆ ಕಾಗದದ ಸದ್ದೇ ಕೇಳಿಸ್ತಿತ್ತು. ಸಂಘದ ಹಣ ಹೋದ ವರ್ಷ ಯಾವ ಬಾಬ್ತಿಗೆ ಖರ್ಚಾಯ್ತು ಅಂತ ಯಾರೋ ಕೇಳಿದ್ರು. ಅವನು ಪಾರದರ್ಶಕತೆ ಬಗ್ಗೆ ಒಂದು ನಿಮಿಷ ಐವತ್ತು ಸೆಕೆಂಡ್ ಮಾತಾಡ್ದ, ಒಂದು ಲೆಕ್ಕ ಹೇಳ್ಲಿಲ್ಲ. ಅವಳು "ನಾನು ಲೆಕ್ಕದ ಪುಸ್ತಕ ಕೇಳಿದ್ದೆ, ನಂಗೆ ಕೊಡ್ಲಿಲ್ಲ, ಅದಕ್ಕೆ ನಂಗೆ ಗೊತ್ತಿಲ್ಲ" ಅಂದು ಕೂತ್ಲು. ಹತ್ತು ಸೆಕೆಂಡೂ ಆಗಿರ್ಲಿಲ್ಲ. ನಾನು ವಾಚ್ ನಿಲ್ಲಿಸೋದೇ ಮರೆತೆ.

ಗೆದ್ದಿದ್ದು ಅವನೇ, ಒಳ್ಳೆ ಅಂತರದಲ್ಲೇ. ಆದ್ರೆ ಮುಂದಿನ ತಿಂಗಳ ಸಭೇಲಿ ಮೊದಲನೇ ಪ್ರಶ್ನೆ ಬಂದಿದ್ದು ಆ ಲೆಕ್ಕದ ಪುಸ್ತಕ ಎಲ್ಲಿದೆ ಅಂತ. ಕೇಳಿದ್ದು ಅವಳಲ್ಲ, ಅವತ್ತು ಹಿಂದಿನ ಸಾಲಲ್ಲಿ ಕೂತಿದ್ದ ಯಾರೋ. ಪುಸ್ತಕ ಹೊರಗೆ ಬಂತು. ಡಿಬೇಟು ನಡೀದೇ ಇದ್ದಿದ್ರೆ ಅಂಥ ಪುಸ್ತಕ ಒಂದಿದೆ ಅಂತಾನೇ ನಮಗ್ಯಾರಿಗೂ ಗೊತ್ತಾಗ್ತಿರ್ಲಿಲ್ಲ. ಹಾಗಾಗಿ ಯಾರು ಗೆದ್ರು ಅಂತ ಮಾತ್ರ ನೋಡಿ ಉಪಯೋಗ ಇಲ್ಲ ಅನ್ನೋಕೆ ನಂಗೆ ಮನಸ್ಸು ಬರಲ್ಲ.

ಶಾಯಿಪೆನ್

ಇದು ಚೆನ್ನಾಗಿದೆ. ಗೆಲುವು ಬೇರೆ, ಹೊರಗೆ ಬಂದ ವಿಷಯ ಬೇರೆ. ಈ ಥರ ನಾನು ಯೋಚನೆ ಮಾಡಿರ್ಲಿಲ್ಲ.

ಅರ್ಧಚಂದ್ರ

ಆದ್ರೆ ಲಕ್ಷಾಂತರ ಜನಕ್ಕೆ ಹೋಗೋ ಡಿಬೇಟಲ್ಲಿ ಜನ ಡಿಬೇಟ್ ನೋಡೋದೇ ಇಲ್ವಲ್ಲ, ನೋಡೋದು ಮಾರನೇ ದಿನದ ತುಣುಕು. ನನ್ನ ತಕರಾರು ಇರೋದು ಅಲ್ಲಿ.

1976 ಅಕ್ಟೋಬರ್ 6, ಸ್ಯಾನ್ ಫ್ರಾನ್ಸಿಸ್ಕೋ, ಅಧ್ಯಕ್ಷ ಫೋರ್ಡ್ ಮತ್ತೆ ಎದುರಾಳಿ ಕಾರ್ಟರ್. ಪೂರ್ವ ಯುರೋಪಿನ ಮೇಲೆ ಸೋವಿಯತ್ ಹಿಡಿತ ಇಲ್ಲ, ನನ್ನ ಸರ್ಕಾರ ಇರೋವರೆಗೂ ಇರೋದೂ ಇಲ್ಲ ಅಂದ್ಬಿಟ್ರು ಫೋರ್ಡ್. ಅಲ್ಲಿನ ಹೆಚ್ಚಿನ ದೇಶಗಳು ಆಗ ಸೋವಿಯತ್ ಹಿಡಿತದಲ್ಲೇ ಇದ್ವು. ಪ್ರಶ್ನೆ ಕೇಳಿದ ಪತ್ರಕರ್ತ ಕಿವಿ ನಂಬದೆ ಇನ್ನೊಂದು ಸಲ ಕೇಳಿದ್ರು, ಫೋರ್ಡ್ ಅದೇ ಮಾತಿಗೆ ಅಂಟ್ಕೊಂಡು ಯುಗೋಸ್ಲಾವಿಯಾ, ರೊಮೇನಿಯಾ, ಪೋಲೆಂಡ್ ಹೆಸರು ಬೇರೆ ಹೇಳಿದ್ರು. ನೋಡಿ, ಅವತ್ತು ರಾತ್ರಿ ಫೋನ್ ಮಾಡಿ ಕೇಳಿದಾಗ ನೋಡಿದವರಲ್ಲಿ ಫೋರ್ಡ್ ಚೆನ್ನಾಗಿ ಮಾಡಿದ್ರು ಅಂದವರೇ ಜಾಸ್ತಿ ಇದ್ರು. ಮಾರನೇ ದಿನ ಪತ್ರಿಕೆ ಟಿವಿ ಎಲ್ಲ ಆ ಒಂದು ವಾಕ್ಯ ಹಿಡ್ಕೊಂಡು ಜಗ್ಗಿದ ಮೇಲೆ ಅದೇ ಜನ ಕಾರ್ಟರ್ ಗೆದ್ರು ಅನ್ನೋಕೆ ಶುರು ಮಾಡಿದ್ರು.

ಬ್ರೆಜಿಲ್‌ದು ಇನ್ನೂ ಕೆಟ್ಟ ಉದಾಹರಣೆ. 1989 ಡಿಸೆಂಬರ್, ಅಧ್ಯಕ್ಷ ಸ್ಥಾನಕ್ಕೆ ನಿಂತಿದ್ದ ಕೊಲೊರ್ ಮತ್ತೆ ಲೂಲಾ ಕೊನೇ ಡಿಬೇಟ್. ಮಾರನೇ ದಿನ ದೇಶದ ಅತಿ ದೊಡ್ಡ ಚಾನೆಲ್ಲಿನ ರಾತ್ರಿ ವಾರ್ತೇಲಿ ಅದರ ಸಾರಾಂಶ ಹಾಕಿದ್ರು, ಕೊಲೊರ್ ಅವರ ಒಳ್ಳೊಳ್ಳೆ ಮಾತು, ಲೂಲಾ ತಡವರಿಸಿದ ಜಾಗಗಳು, ಸಮಯಾನೂ ಕೊಲೊರ್‌ಗೇ ಜಾಸ್ತಿ. ಎರಡು ಮೂರು ದಿನದಲ್ಲಿ ಮತದಾನ, ಕೊಲೊರ್ ಗೆದ್ರು. ಆ ಸಾರಾಂಶದಿಂದಾನೇ ಗೆದ್ರು ಅಂತ ನಾನು ಹೇಳಲ್ಲ, ಆದ್ರೆ ಡಿಬೇಟ್ ಪೂರ್ತಿ ನೋಡದೇ ಇದ್ದವರ ಪಾಲಿಗೆ ಡಿಬೇಟ್ ಅಂದ್ರೆ ಅದೇ ಆಗಿತ್ತು. ಈಗಂತೂ ಎಲ್ಲರ ಕೈಲೂ ಕತ್ತರಿ ಇದೆ. ಒಂದೂವರೆ ಗಂಟೆ ಮಾತಲ್ಲಿ ಹದಿನೈದು ಸೆಕೆಂಡು ಕತ್ತರಿಸಿ ಹಾಡು ಸೇರ್ಸಿ ಹಂಚ್ತಾರೆ, ನಾಯಕರೂ ಆ ಹದಿನೈದು ಸೆಕೆಂಡಿಗೇ ತಯಾರಾಗಿ ಬರ್ತಾರೆ.

ಹರಿವಾಣ

ಅರ್ಧಚಂದ್ರ ಹೇಳಿದ್ದು ನಿಜ, ಆದ್ರೆ ಫೋರ್ಡ್ ವಿಷಯದಲ್ಲಿ ಪತ್ರಿಕೆಯವರು ಮಾಡಿದ್ದು ತಪ್ಪಾ? ಪೂರ್ವ ಯುರೋಪಿನ ಸ್ಥಿತಿ ಏನು ಅಂತ ಅಧ್ಯಕ್ಷರಾದವರು ಹಂಗೆ ಹೇಳಿದ್ರೆ ಅದನ್ನ ಜನಕ್ಕೆ ಹೇಳ್ಲೇಬೇಕಲ್ವಾ. ತಪ್ಪು ಒಪ್ಕೊಳ್ಳೋಕೆ ಫೋರ್ಡ್ ಎಷ್ಟು ದಿನ ತಗೊಂಡ್ರು ಅನ್ನೋದೇ ದೊಡ್ಡ ವಿಷಯ ಆಯ್ತು.

ನನ್ನ ಆಕ್ಷೇಪಣೆ ಬೇರೆ. ಸಂಸದೀಯ ಪದ್ಧತಿಲಿ ಜನ ಆರಿಸೋದು ತಮ್ಮ ಕ್ಷೇತ್ರದ ಸದಸ್ಯನ್ನ. ಅಲ್ಲಿ ಇಬ್ಬರನ್ನ ಮೂವರನ್ನ ನಿಲ್ಲಿಸಿ ಡಿಬೇಟ್ ಮಾಡಿಸಿದ್ರೆ ಇಡೀ ಚುನಾವಣೆ ವ್ಯಕ್ತಿಗಳ ಕುಸ್ತಿ ಆಗತ್ತೆ. ಬ್ರಿಟನ್ನಲ್ಲಿ ಮೊದಲ ಸಲ 2010ರಲ್ಲಿ ಮಾಡಿದ್ರು, ಏಪ್ರಿಲಲ್ಲಿ ಮೂರು ಗುರುವಾರ ಮೂರು ಡಿಬೇಟ್, ಮ್ಯಾಂಚೆಸ್ಟರ್, ಬ್ರಿಸ್ಟಲ್, ಬರ್ಮಿಂಗ್‌ಹ್ಯಾಮ್. ಅದಕ್ಕೆ ಪಕ್ಷಗಳೂ ಚಾನೆಲ್ಲುಗಳೂ ಸೇರಿ ಮಾಡ್ಕೊಂಡ ನಿಯಮ 76. ಮೊದಲನೇದ್ರಲ್ಲಿ ಲಿಬರಲ್ ಡೆಮಾಕ್ರಾಟ್ ಪಕ್ಷದ ನಿಕ್ ಕ್ಲೆಗ್ ಮಿಂಚಿದ್ರು, ಪ್ರಧಾನಿ ಗಾರ್ಡನ್ ಬ್ರೌನ್ ಮತ್ತೆ ಮತ್ತೆ ನಾನು ನಿಕ್ ಮಾತು ಒಪ್ತೀನಿ ಅಂದ್ರು, ಸಮೀಕ್ಷೆಗಳಲ್ಲಿ ಆ ಪಕ್ಷ ಒಮ್ಮೆಲೇ ಮೇಲೆದ್ದಿತು. ಫಲಿತಾಂಶ ಬಂದಾಗ ಅವರ ಸೀಟು 62ರಿಂದ 57ಕ್ಕೆ ಇಳಿದಿತ್ತು. ಮೂರು ವಾರ ದೇಶವೆಲ್ಲ ಮಾತಾಡಿದ್ದು ಡಿಬೇಟ್ ಬಗ್ಗೇನೇ, ಊರೂರಿನ ಅಭ್ಯರ್ಥಿಗಳ ಕಡೆ ತಿರುಗಿ ನೋಡಿದವರು ಕಡಿಮೆ.

ಅದಕ್ಕಿಂತ ಅವರ ಪಾರ್ಲಿಮೆಂಟಲ್ಲಿ ಪ್ರತಿ ಬುಧವಾರ ಪ್ರಧಾನಿ ಎದ್ದು ನಿಂತು ಪ್ರಶ್ನೆಗೆ ಉತ್ತರ ಕೊಡೋದಿದೆಯಲ್ಲ, 1989ರಿಂದ ಅದು ಟಿವಿಲೂ ಬರತ್ತೆ, ಅದು ಎಷ್ಟೋ ವಾಸಿ. ವರ್ಷವಿಡೀ ನಡೆಯತ್ತೆ, ಚುನಾವಣೆ ಹತ್ರ ಬಂದಾಗ ಮಾತ್ರ ಅಲ್ಲ.

ಕೇಳುಗ

ಬುಧವಾರದ್ದನ್ನ ನಾನೂ ನೋಡ್ತೀನಿ. ಅಲ್ಲಿ ಇಡೀ ಸದನ ಕೂಗ್ತಿರತ್ತೆ, ಪ್ರಧಾನಿ ಉತ್ತರ ಕೊಡದೆ ಪ್ರಶ್ನೆ ಕೇಳಿದವರ ಪಕ್ಷದ ಮೇಲೇ ಹರಿಹಾಯ್ದು ಕೂತ್ಕೊಂಡ್ರೂ ನಡೆಯತ್ತೆ, ಬೆಂಬಲಕ್ಕೆ ಬೆನ್ನ ಹಿಂದೆ ನೂರಾರು ಜನ. ಡಿಬೇಟಲ್ಲಿ ಬೆನ್ನ ಹಿಂದೆ ಯಾರೂ ಇರಲ್ಲ. ಒಂಟಿಯಾಗಿ ನಿಲ್ಲಬೇಕು. ಎರಡೂ ಬೇಕು, ಒಂದು ಇದೆ ಅಂತ ಇನ್ನೊಂದು ಬೇಡ ಅನ್ನೋಕಾಗಲ್ಲ.

ಮುಂಜಾವು

ಬರದೇ ಇರೋವರ ಬಗ್ಗೆ ಇನ್ನೂ ಯಾರೂ ಮಾತಾಡಿಲ್ಲ, ಡಿಬೇಟಿಂದ ಉಪಯೋಗ ಇದ್ಯಾ ಅನ್ನೋದಕ್ಕೆ ನಂಗೆ ದೊಡ್ಡ ಸಾಕ್ಷಿ ಅಂದ್ರೆ ಗೆಲ್ಲೋ ಸ್ಥಾನದಲ್ಲಿರೋ ನಾಯಕರು ಅದನ್ನ ಎಷ್ಟು ತಪ್ಪಿಸ್ಕೋತಾರೆ ಅನ್ನೋದು, ಏನೂ ಉಪಯೋಗ ಇಲ್ಲದ ವಸ್ತುವಿಗೆ ಯಾರೂ ಅಷ್ಟು ಹೆದರಲ್ಲ.

1960ರ ನಂತರ ಅಮೆರಿಕದಲ್ಲಿ 1964, 1968, 1972 ಮೂರು ಚುನಾವಣೆಗೆ ಡಿಬೇಟೇ ಇಲ್ಲ, ಒಟ್ಟು ಹದಿನಾರು ವರ್ಷದ ಅಂತರ. ಮೊದಲು ಜಾನ್ಸನ್‌ಗೆ ಬೇಡವಾಗಿತ್ತು, ಆಮೇಲೆ ಎರಡು ಸಲ ನಿಕ್ಸನ್‌ಗೆ ಬೇಡವಾಗಿತ್ತು. 2002ರಲ್ಲಿ ಫ್ರಾನ್ಸಿನ ಅಧ್ಯಕ್ಷ ಶಿರಾಕ್ ಕೊನೇ ಸುತ್ತಲ್ಲಿ ತೀವ್ರ ಬಲಪಂಥದ ಲೆ ಪೆನ್ ಜೊತೆ ಡಿಬೇಟ್ ಮಾಡಲ್ಲ ಅಂದ್ರು, ದ್ವೇಷದ ಮಾತಿಗೆ ವೇದಿಕೆ ಕೊಡಲ್ಲ ಅನ್ನೋದು ಅವರ ಕಾರಣ, ಅದು ತತ್ವದ ಪ್ರಶ್ನೆ, ಅದನ್ನ ನಾನು ಗೌರವಿಸ್ತೀನಿ ಆದ್ರೂ ಪೂರ್ತಿ ಒಪ್ಪಲ್ಲ. 2017ರಲ್ಲಿ ಬ್ರಿಟನ್ ಪ್ರಧಾನಿ ಥೆರೆಸಾ ಮೇ ಬರ್ಲಿಲ್ಲ, ಬದಲಿಗೆ ಸಚಿವೆ ಒಬ್ಬರನ್ನ ಕಳ್ಸಿದ್ರು. ಕೆನ್ಯಾದಲ್ಲಿ 2022ರ ಜುಲೈಯಲ್ಲಿ ಅಧ್ಯಕ್ಷ ಅಭ್ಯರ್ಥಿ ರೈಲಾ ಒಡಿಂಗಾ ಬರ್ಲಿಲ್ಲ, ಎದುರಾಳಿ ವಿಲಿಯಂ ರೂಟೊ ಒಬ್ಬರೇ ನಿಂತು ಒಂದೂವರೆ ಗಂಟೆ ಉತ್ತರ ಕೊಟ್ರು. ಭಾರತದಲ್ಲಿ 2024ರ ಮೇ ತಿಂಗಳಲ್ಲಿ ನಿವೃತ್ತ ನ್ಯಾಯಮೂರ್ತಿಗಳಾದ ಮದನ್ ಲೋಕೂರ್, ಎ.ಪಿ. ಶಾ ಮತ್ತೆ ಪತ್ರಕರ್ತ ಎನ್. ರಾಮ್ ಸೇರಿ ಮೋದಿ ಮತ್ತೆ ರಾಹುಲ್ ಗಾಂಧಿ ಇಬ್ಬರಿಗೂ ಬಹಿರಂಗ ಚರ್ಚೆಗೆ ಬನ್ನಿ ಅಂತ ಪತ್ರ ಬರೆದ್ರು. ರಾಹುಲ್ ಒಪ್ಪಿದ್ರು, ಬಿಜೆಪಿ ತನ್ನ ಯುವ ಘಟಕದ ಉಪಾಧ್ಯಕ್ಷರ ಹೆಸರು ಕೊಡ್ತು, ಚರ್ಚೆ ನಡೀಲಿಲ್ಲ.

ಇದರಲ್ಲಿ ಒಂದು ಪಕ್ಷ ಅಂತಿಲ್ಲ, ಎಡ ಬಲ ಎಲ್ಲ ಕಡೆಯವರೂ ತಪ್ಪಿಸ್ಕೊಂಡಿದಾರೆ. ಸಾವಿರಾರು ಜನರ ಎದುರು ಮೈಕ್ ಮುಂದೆ ಗುಡುಗೋದು, ಎದುರಾಳಿ ಇರೋ ಕೋಣೆಗೆ ಮಾತ್ರ ಬರದೇ ಇರೋದು. ಉತ್ತರನ ಪೌರುಷ ಒಲೆ ಮುಂದೆ ಅಂತಾರಲ್ಲ, ಅದು ನಂಗೆ ನೆನಪಾಗೋದು ಇಂಥ ಹೊತ್ತಲ್ಲೇ.

ನಿಧಾನಸ್ಥ

ಮುಂಜಾವು, ಬರದೇ ಇದ್ದವರಿಗೆ ನಷ್ಟ ಏನಾಯ್ತು ಹೇಳಿ. ನಿಕ್ಸನ್ ಎರಡು ಸಲಾನೂ ಗೆದ್ರು. ಶಿರಾಕ್ 82 ಪರ್ಸೆಂಟ್ ಮತ ತಗೊಂಡ್ರು.

ಮುಂಜಾವು

ಗೆದ್ರು. ಅದಕ್ಕೇ ಅವರಿಷ್ಟಕ್ಕೆ ಬಿಡಬಾರದು ಅನ್ನೋದು. ಕೆನಡಾದಲ್ಲಿ 2018ರಲ್ಲಿ ಇದಕ್ಕೇ ಅಂತ ಒಂದು ಸ್ವತಂತ್ರ ಆಯೋಗ ಮಾಡಿದ್ರು, ಯಾವ ಪಕ್ಷ ಬರಬಹುದು ಅನ್ನೋದಕ್ಕೆ ಮಾನದಂಡ ಮೊದಲೇ ಪ್ರಕಟ ಮಾಡ್ತಾರೆ. ಅಮೆರಿಕದಲ್ಲಿ 1988ರಿಂದ 2020ರವರೆಗೆ ಎರಡೂ ಪಕ್ಷದವರು ಸೇರಿ ಕಟ್ಟಿದ ಆಯೋಗ ನಡೆಸ್ತಿತ್ತು, 2024ರಲ್ಲಿ ಅದನ್ನ ಪಕ್ಕಕ್ಕಿಟ್ಟು ನೇರ ಚಾನೆಲ್ಲುಗಳ ಜೊತೆ ಮಾತಾಡ್ಕೊಂಡ್ರು. ಅಭ್ಯರ್ಥಿಗಳೇ ನಿಯಮ ಬರೆಯೋದು ಅಂದ್ರೆ ಪರೀಕ್ಷೆ ಬರೆಯೋರೇ ಪ್ರಶ್ನೆಪತ್ರಿಕೆ ತಯಾರು ಮಾಡಿದ ಹಾಗೆ.

ತಂತಿವಾದಕ

ನಾನು ವೃತ್ತಿಯಿಂದ ಸೌಂಡ್ ಇಂಜಿನಿಯರ್, ಹಾಗಾಗಿ ನನ್ನ ಕಿವಿ ಹೋಗೋದು ಮೈಕ್ ಕಡೆಗೆ. ಡಿಬೇಟಿನ ಗುಣಮಟ್ಟದ ಅರ್ಧಕ್ಕರ್ಧ ಮೈಕ್ ಸ್ವಿಚ್ಚಲ್ಲೇ ಇದೆ ಅಂದ್ರೆ ನಂಬಿ. 2020 ಸೆಪ್ಟೆಂಬರಲ್ಲಿ ಕ್ಲೀವ್‌ಲ್ಯಾಂಡಲ್ಲಿ ಟ್ರಂಪ್ ಬೈಡನ್ ಮೊದಲ ಡಿಬೇಟ್ ಒಬ್ಬರ ಮೇಲೊಬ್ಬರು ಮಾತಾಡಿ ಒಂದು ವಾಕ್ಯಾನೂ ಪೂರ್ತಿ ಕೇಳಿಸ್ಲಿಲ್ಲ. ಮುಂದಿನದಕ್ಕೆ, ಅಕ್ಟೋಬರ್ 22ಕ್ಕೆ ನ್ಯಾಶ್‌ವಿಲ್‌ನಲ್ಲಿ, ಪ್ರತಿ ವಿಷಯದ ಶುರುವಿನ ಎರಡೆರಡು ನಿಮಿಷ ಎದುರಿನವರ ಮೈಕ್ ಬಂದ್ ಮಾಡಿದ್ರು. ಅದೇ ಇಬ್ಬರು ಮನುಷ್ಯರು, ಒಂದು ಸ್ವಿಚ್, ಮಾತು ಅರ್ಥ ಆಯ್ತು. 2024ರಲ್ಲಿ ಇನ್ನೂ ಬಿಗಿ ಮಾಡಿದ್ರು, ಸಭಿಕರೇ ಇಲ್ಲ, ಮೊದಲೇ ಬರ್ಕೊಂಡ ಚೀಟಿ ಇಲ್ಲ, ಕೈಗೆ ಒಂದು ಪೆನ್ನು, ಖಾಲಿ ಹಾಳೆ, ನೀರಿನ ಬಾಟ್ಲಿ. ಚಪ್ಪಾಳೆ ಇಲ್ಲದ ಕೋಣೇಲಿ ಮಾತು ತಡವರಿಸಿದ್ರೆ ಅದನ್ನ ಮುಚ್ಚೋಕೆ ಏನೂ ಇರಲ್ಲ. ಅಟ್ಲಾಂಟಾದಲ್ಲಿ ಬೈಡನ್‌ಗೆ ಆಗಿದ್ದು ಅದೇ. ಸಭಿಕರು ಇದ್ದಿದ್ರೆ ಅವರ ಕಡೆಯವರು ಚಪ್ಪಾಳೆ ಹೊಡೆದು ಆ ಮೌನಗಳನ್ನ ತುಂಬಿಸ್ತಿದ್ರು.

ಇನ್ನೊಂದು ಹೇಳ್ಲೇಬೇಕು, ನಮ್ಮ ಕೆಲಸದವರಿಗೆ ಇದು ಮರೆಯೋಕಾಗದ ಘಟನೆ. 1976 ಸೆಪ್ಟೆಂಬರ್ 23, ಫಿಲಡೆಲ್ಫಿಯಾ ರಂಗಮಂದಿರ, ಫೋರ್ಡ್ ಕಾರ್ಟರ್ ಮೊದಲ ಡಿಬೇಟ್ ಮುಗಿಯೋಕೆ ಸ್ವಲ್ಪ ಹೊತ್ತಿದ್ದಾಗ ಪ್ರಸಾರದ ಧ್ವನಿ ನಿಂತುಹೋಯ್ತು, ಒಂದು ಸಣ್ಣ ಬಿಡಿಭಾಗ ಕೆಟ್ಟಿದ್ದಕ್ಕೆ. 27 ನಿಮಿಷ! ಕ್ಯಾಮೆರಾ ಓಡ್ತಾನೇ ಇತ್ತು. ದೇಶದ ಅಧ್ಯಕ್ಷ ಮತ್ತೆ ಅಧ್ಯಕ್ಷ ಆಗಬೇಕು ಅಂತಿರೋನು, ಇಬ್ಬರೂ ತಂತಮ್ಮ ಮೇಜಿನ ಹಿಂದೆ ಗೊಂಬೆ ಥರ ನಿಂತಿದಾರೆ. ಪಕ್ಕದಲ್ಲಿರೋ ಮನುಷ್ಯನ ಕಡೆ ನಡೆದು ಹೋಗಿ ಏನಪ್ಪಾ ಹಿಂಗಾಯ್ತು ಅಂತ ಒಂದು ಮಾತಾಡಲ್ಲ. ಕಾರ್ಟರ್ ಎಷ್ಟೋ ವರ್ಷ ಆದ್ಮೇಲೆ ಆ ಟೇಪ್ ನೋಡಿ ರೋಬೋಟ್ ಥರ ನಿಂತಿದ್ವಿ, ನಾಚಿಕೆ ಆಯ್ತು ಅಂತ ಹೇಳ್ಕೊಂಡಿದಾರೆ. ಆ 27 ನಿಮಿಷ ನಾನು ಎಷ್ಟು ಸಲ ನೋಡಿದೀನೋ. ಮಾತಿಲ್ಲ, ಧ್ವನಿ ಇಲ್ಲ, ಆದ್ರೂ ಅಲ್ಲಿ ಎಷ್ಟು ಹೆದರಿಕೆ ಇತ್ತು ಅಂತ ಗೊತ್ತಾಗತ್ತೆ, ಒಂದು ತಪ್ಪು ಹೆಜ್ಜೆ ಇಟ್ರೆ ಕೋಟ್ಯಂತರ ಜನ ನೋಡ್ತಾರೆ ಅನ್ನೋ ಹೆದರಿಕೆ. ಅಧಿಕಾರದಲ್ಲಿರೋರಿಗೆ ಜನರ ಬಗ್ಗೆ ಅಷ್ಟು ಹೆದರಿಕೆ ಹುಟ್ಟಿಸೋ ಜಾಗ ಇರ್ಬೇಕು ಅಂತಾನೇ ನಂಗನ್ಸೋದು.

ಅರ್ಧಚಂದ್ರ

ಹೆದರಿಕೆ ಇದ್ರೆ ಇನ್ನೂ ಬಿಗಿಯಾಗಿ ಬಾಯಿಪಾಠ ಮಾಡ್ಕೊಂಡು ಬರ್ತಾರೆ, ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆ ಮಾತಾಡ್ತಾರೆ ಅಷ್ಟೇ.

ತಂತಿವಾದಕ

ಬಾಯಿಪಾಠ ಕೈಕೊಡೋದು ಸಾಮಾನ್ಯ ಜನ ಪ್ರಶ್ನೆ ಕೇಳಿದಾಗ. 1992 ಅಕ್ಟೋಬರ್ 15, ರಿಚ್ಮಂಡ್. ಯಾರಿಗೆ ಮತ ಹಾಕ್ಬೇಕು ಅಂತ ಇನ್ನೂ ನಿರ್ಧರಿಸದ ಸುಮಾರು 200 ಜನರನ್ನ ಸುತ್ತ ಕೂರ್ಸಿದ್ರು. ಒಬ್ಬಾಕೆ ಎದ್ದು, ರಾಷ್ಟ್ರದ ಸಾಲದಿಂದ ನಿಮ್ಮ ನಿಮ್ಮ ಸ್ವಂತ ಬದುಕಿಗೆ ಏನು ತೊಂದ್ರೆ ಆಗಿದೆ ಅಂತ ಕೇಳಿದ್ರು. ಆ ಹೊತ್ತಿಗೇ ಅಧ್ಯಕ್ಷ ಬುಷ್ ಕೈಗಡಿಯಾರ ನೋಡ್ಕೊಂಡ್ರು. ಆಮೇಲೆ ಬಡ್ಡಿ ದರ ಅಂತ ಶುರು ಮಾಡಿ, ನಂಗೆ ಪ್ರಶ್ನೆ ಸರಿಯಾಗಿ ಅರ್ಥ ಆಗಿಲ್ಲ ಅನ್ನಿಸ್ತಿದೆ ಅಂದ್ರು. ಎದುರಾಳಿ ಕ್ಲಿಂಟನ್ ಸ್ಟೂಲಿಂದ ಎದ್ದು ಆಕೆ ಹತ್ರ ನಡೆದುಹೋಗಿ, ನಿಮ್ಮ ಪರಿಚಯದವರಲ್ಲಿ ಕೆಲಸ ಕಳ್ಕೊಂಡವರು ಮನೆ ಕಳ್ಕೊಂಡವರು ಇದಾರಾ ಅಂತ ಕೇಳಿದ್ರು. ನಾಟಕ ಅನ್ನಿ ಬೇಕಾದ್ರೆ. ಆದ್ರೆ ಆಕೆ ಕೇಳಿದ್ದು ಸಾಲದ ಅಂಕಿ ಅಲ್ಲ, ಆರ್ಥಿಕ ಮಂದಗತಿಯಲ್ಲಿ ನರಳ್ತಿರೋ ಜನರ ವಿಷಯ ಅಂತ ಒಬ್ಬರಿಗೆ ಗೊತ್ತಾಯ್ತು, ಇನ್ನೊಬ್ಬರಿಗೆ ಗೊತ್ತಾಗ್ಲಿಲ್ಲ. ಅದು ತಿಳ್ಕೊಳ್ಳೋಕೆ ಬೇರೆ ಯಾವ ದಾರಿ ಇತ್ತು?

ಹರಿವಾಣ

ಇದಕ್ಕೆ ನನ್ನ ಹತ್ರ ಉತ್ತರ ಇಲ್ಲ, ನಿಜ ಹೇಳ್ತೀನಿ. ಫ್ರಾನ್ಸಿನ 2017ರ ಅಧ್ಯಕ್ಷ ಡಿಬೇಟೂ ಸೇರ್ಸಿ. ಮೇಲೆ ಹೇಳಿದ ಲೆ ಪೆನ್ ಅವರ ಮಗಳು ಮರೀನ್ ಲೆ ಪೆನ್ ಎರಡು ಕಂಪನಿ ವಿಷಯ ಎತ್ತಿ ಒಂದರದ್ದು ಇನ್ನೊಂದಕ್ಕೆ ಹಾಕಿ ಮಾತಾಡಿದ್ರು, ಮುಂದೆ ಕಾಗದದ ಕಂತೆ ಇಟ್ಕೊಂಡೂ. ಎದುರಾಳಿ ಮ್ಯಾಕ್ರನ್ ಅಲ್ಲೇ ತಿದ್ದಿದ್ರು. ಆಮೇಲೆ ಆಕೇನೇ ಅವತ್ತು ತಾನು ಎಡವಿದ್ದನ್ನ ಒಪ್ಕೊಂಡ್ರು. ಭಾಷಣದಲ್ಲಿ ಅದೇ ತಪ್ಪು ಮಾಡಿದ್ರೆ ಯಾರೂ ತಡೆದು ತಿದ್ದೋರು ಇರ್ತಿರ್ಲಿಲ್ಲ.

ಶಾಯಿಪೆನ್

ಎರಡು ದಿನ ಇದನ್ನೇ ಓದ್ತಿದ್ದೆ. ಗಂಟೆ ಬಾರಿಸೋನು ಅವರ ಲೆಕ್ಕದ ಪುಸ್ತಕ ತಲೇಲಿ ಕೂತಿತ್ತು, ಅದಕ್ಕೆ ಸೆಪ್ಟೆಂಬರ್ 10ರ ಡಿಬೇಟಿನ ಪೂರ್ತಿ ಬರಹ ತೆಗೆದು ಓದ್ದೆ, ಈ ಸಲ ಯಾರು ಗೆದ್ರು ಅಂತ ಅಲ್ಲ, ಯಾವ ಪ್ರಶ್ನೆಗೆ ಉತ್ತರ ಬರ್ಲಿಲ್ಲ ಅಂತ ನೋಡೋಕೆ.

ಮೊದಲನೇ ಪ್ರಶ್ನೇನೇ ಹ್ಯಾರಿಸ್‌ಗೆ: ನಾಲ್ಕು ವರ್ಷದ ಹಿಂದಕ್ಕಿಂತ ಈಗ ಜನ ಚೆನ್ನಾಗಿದಾರೆ ಅಂತ ನೀವು ನಂಬ್ತೀರಾ? ಹೌದು ಅಥವಾ ಇಲ್ಲ ಅಂತ ಬರ್ಬೇಕಿತ್ತು. ಬಂದಿದ್ದು ನಾನು ಮಧ್ಯಮ ವರ್ಗದಲ್ಲಿ ಬೆಳೆದವಳು ಅಂತ. ಪೂರ್ತಿ ಉತ್ತರದಲ್ಲಿ ಹೌದೂ ಇಲ್ಲ, ಇಲ್ಲಾನೂ ಇಲ್ಲ. ಇನ್ನೊಂದು ಕಡೆ ಟ್ರಂಪ್‌ಗೆ ಆರೋಗ್ಯ ವಿಮೆಗೆ ನಿಮ್ಮ ಹತ್ರ ಯೋಜನೆ ಇದ್ಯಾ ಅಂತ ಕೇಳ್ತಾರೆ. ಒಬಾಮಾ ಕಾಯಿದೆ ತೆಗೆದು ಇನ್ನೂ ಒಳ್ಳೇದು ತರ್ತೀನಿ ಅಂತ ಎಷ್ಟೋ ವರ್ಷದಿಂದ ಹೇಳ್ತಾ ಬಂದವರು. ಉತ್ತರ, ಯೋಜನೆಯ ಪರಿಕಲ್ಪನೆಗಳು ಇವೆ, ನಾನು ಈಗ ಅಧ್ಯಕ್ಷ ಅಲ್ಲ.

ಅವತ್ತು ನೋಡ್ವಾಗ ಇವೆರಡೂ ನನ್ನ ಕಿವಿ ಮೇಲಿಂದ ಹಾದುಹೋಗಿತ್ತು. ನಾನು ಮುಖ ನೋಡ್ತಿದ್ದೆ, ಯಾರು ಯಾರಿಗೆ ಚುಚ್ಚಿದ್ರು ಅಂತ ನೋಡ್ತಿದ್ದೆ. ಸೆಪ್ಟೆಂಬರ್ ಡಿಬೇಟಿಂದ ಏನೂ ಆಗ್ಲಿಲ್ಲ ಅಂತ ಮೇಲೆ ಬರೆದಿದೀನಲ್ಲ, ಅದು ತಪ್ಪು. ಎರಡು ಖಾಲಿ ಜಾಗ ಬರವಣಿಗೇಲಿ ಉಳಿದಿದೆ, ಒಂದೊಂದು ಕಡೆದು ಒಂದೊಂದು. ಭಾಷಣಗಳಲ್ಲಿ ಅಂಥ ಖಾಲಿ ಜಾಗ ಕಾಣಿಸಲ್ಲ, ಅಲ್ಲಿ ಪ್ರಶ್ನೇನೇ ಇರಲ್ಲ.

ಕೇಳುಗ

ಆ ಮೊದಲನೇ ಪ್ರಶ್ನೆ ಎಲ್ಲಿಂದ ಬಂದಿದ್ದು ಗೊತ್ತಲ್ವಾ? 1980 ಅಕ್ಟೋಬರ್ 28, ಕ್ಲೀವ್‌ಲ್ಯಾಂಡ್, ಮತದಾನಕ್ಕೆ ಒಂದು ವಾರ ಇದ್ದಾಗ, ಅಧ್ಯಕ್ಷ ಕಾರ್ಟರ್ ಎದುರು ನಿಂತಿದ್ದ ರೇಗನ್ ಕೊನೇ ಮಾತಲ್ಲಿ ಕೇಳಿದ್ದು, ನಾಲ್ಕು ವರ್ಷದ ಹಿಂದಕ್ಕಿಂತ ನೀವು ಚೆನ್ನಾಗಿದೀರಾ ಅಂತ. ಅದನ್ನ ಅವರು ಕ್ಯಾಮೆರಾ ನೋಡಿ ಜನರನ್ನ ಕೇಳಿದ್ರು. ಕಾರ್ಟರ್ ಅವರ ಕೊನೇ ಮಾತು ಅಷ್ಟೊತ್ತಿಗೆ ಮುಗಿದಿತ್ತು, ಉತ್ತರ ಕೊಡೋಕೆ ಅವಕಾಶಾನೇ ಇರ್ಲಿಲ್ಲ. ಹಂಗಾಗಿ 2024ರಲ್ಲಿ ಅದು ನೇರವಾಗಿ ಅಧಿಕಾರದಲ್ಲಿದ್ದವರ ಮುಂದೆ ಬಂದಾಗ ನಾನು ಕುರ್ಚಿ ತುದಿಗೆ ಬಂದು ಕೂತಿದ್ದೆ.

ನಿಧಾನಸ್ಥ

ನಾನು ಇನ್ನೂ ಪೂರ್ತಿ ಒಪ್ಪಿಲ್ಲ. ಬೆವರು ನೋಡಿ ಮತ ಹಾಕೋರು ಇದ್ದೇ ಇರ್ತಾರೆ. ಆದ್ರೆ ಓದಿ ನೋಡೋ ಉಪಾಯ ಹಿಡಿಸ್ತು. 1960ರ ನಾಲ್ಕೂ ಡಿಬೇಟಿನ ಬರಹ ಎಲ್ಲಿ ಸಿಗತ್ತೆ?

ಮುಂಜಾವು

ಅಮೆರಿಕದ ಆ ಹಳೇ ಡಿಬೇಟ್ ಆಯೋಗದ ವೆಬ್‌ಸೈಟಲ್ಲಿ 1960ರಿಂದ ಎಲ್ಲದರದ್ದೂ ಇದೆ. ಮೂರನೇದನ್ನ ಬಿಡಬೇಡಿ, ಕೆನಡಿ ನ್ಯೂಯಾರ್ಕಲ್ಲಿ, ನಿಕ್ಸನ್ ಲಾಸ್ ಏಂಜಲೀಸಲ್ಲಿ, ಬೇರೆ ಬೇರೆ ಸ್ಟುಡಿಯೋದಲ್ಲಿ ಕೂತು ಒಂದೇ ಪರದೇಲಿ ಮಾತಾಡಿದ್ದು. ಕೆಮೊಯ್, ಮಾತ್ಸು ಅಂತ ಚೀನಾ ತೀರದ ಎರಡು ಪುಟ್ಟ ದ್ವೀಪಗಳ ಮೇಲೆ ಎಷ್ಟು ಹೊತ್ತು ವಾದ ಮಾಡಿದಾರೆ ನೋಡಿ. ಅದರಲ್ಲಿ ಬೆವರಿನ ವಿಷಯಾನೇ ಇಲ್ಲ.

ನಿಧಾನಸ್ಥ

ಸರಿ, ಮೂರನೇದರಿಂದಾನೇ ಶುರು ಮಾಡ್ತೀನಿ. ಓದಿ ಮುಗ್ಸಿ ಇಲ್ಲೇ ಬರೀತೀನಿ.